ಐದು ರೂಪಾಯಿ ಹೆಚ್ಚು

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕುರ್ಚಿ
ಎರಡು ಬಾಗಿಲುಗಳ ನಟ್ಟನಡುವೆ.
ಎಡಕ್ಕೆ ಮೀಸೆ, ಬಲಕ್ಕೆ ಬೊಟ್ಟು.
ಪೇಂಟರ್ ಹುಚ್ಚಪ್ಪ ಜಿಪುಣ,
ರಟ್ಟಿನಲ್ಲಿ ಒಂದೇ ಅಚ್ಚು ಕತ್ತರಿಸಿ ಎರಡೂ ಕಡೆ ಒತ್ತಿದ್ದ:
ಅದೇ ಮೂಗು, ಅದೇ ಗಲ್ಲ, ಅದೇ ನಿದ್ದೆಗಣ್ಣು.
ಆಮೇಲೆ ಕುಂಚದ ತುದಿಯಲ್ಲಿ
ಒಂದಕ್ಕೆ ಮೀಸೆ ಎಳೆದ, ಒಂದಕ್ಕೆ ಬೊಟ್ಟಿಟ್ಟ,
ಬೀಡಿ ಹಚ್ಚಿದ.

ಮೂರನೇ ವರ್ಷ ಗೋಡೆಗೆ ಬೂಸ್ಟು ಹಿಡಿದು
ಮೀಸೆ ಉದುರಿತು.
ಅಲ್ಲಿಂದ ಹೊಸಬರೆಲ್ಲ ನನ್ನ ಮುಖ ನೋಡುತ್ತಾರೆ,
ನಾನು ಬೆರಳು ತೋರಿಸುತ್ತೇನೆ.
ಸೆರಗು ಕಂಡರೆ ಬಲ, ಪಂಚೆ ಕಂಡರೆ ಎಡ,
ಐದು ರೂಪಾಯಿ, ಚಿಲ್ಲರೆ ಇಡಿ.

ಕುಮುದಾ ಬರುವುದು ಸಂತೆಯ ದಿನ,
ತಲೆಯ ಮೇಲೆ ಮಾರುವ ನೈಟಿಗಳ ಗಂಟು.
ಗಂಟನ್ನು ನನ್ನ ಪಕ್ಕ ಇಳಿಸಿ
ಬಲಗಡೆ ನೋಡುತ್ತಾಳೆ, ಎಡಗಡೆ ನೋಡುತ್ತಾಳೆ,
ಮತ್ತೆ ಗಂಟು ಹೊತ್ತು ನಡೆಯುತ್ತಾಳೆ.
‘ಹಿಂದಿನ ರಾತ್ರಿಯಿಂದ ನೀರು ಬಾಯಿಗೆ ಹಾಕಲ್ಲ ಅಕ್ಕಾ’ ಅಂದಳು ಒಮ್ಮೆ.
ಇಷ್ಟು ನೀರಿರುವ ಸೀಮೆಯಲ್ಲಿ
ಒಣಗಿದ ತುಟಿ.

‘ಕಾನೂನಾಗಿದೆ ಗೊತ್ತಾ?
ನಾನು ಏನು ಅಂತ ನಾನೇ ಹೇಳಿದರೆ ಸಾಕಂತೆ.
ಹಾಗಂತ ಹೇಳೋಕೆ ಶಿವಮೊಗ್ಗಕ್ಕೆ ನಾಲ್ಕು ಸಲ ಹೋಗಿ ಬಂದೆ.’
ಸೆರಗಿನ ಗಂಟಿಂದ ಪ್ಲಾಸ್ಟಿಕ್ಕಿನ ಕಾರ್ಡು ತೆಗೆದಳು.
ನನಗೆ ಓದು ಬಾರದು, ಅವಳ ಫೋಟೋ ನೋಡಿದೆ.
ಫೋಟೋದಲ್ಲಿ ನಗುತ್ತಿದ್ದಳು.

ಕಾನೂನು ನಮ್ಮಲ್ಲಿಗೂ ಬಂತು, ಜೀಪಿನಲ್ಲಿ.
ಮೂರನೆಯ ಬೋರ್ಡು ತಂದು
ನನ್ನ ಪೊರಕೆ ಕೋಣೆಗೆ ಹೊಡೆದರು.
ಒಳಗೆ ನಲ್ಲಿಯಿಲ್ಲ, ಗುಂಡಿಯಿಲ್ಲ,
ಫಿನಾಯಿಲ್ ಕ್ಯಾನು, ನನ್ನ ಬುತ್ತಿಡಬ್ಬಿ,
ಮೊಳೆಗೆ ನೇತಾಡುವ ನನ್ನ ಇನ್ನೊಂದು ಸೀರೆ.
ಫೋಟೋ ತೆಗೆದರು, ಬೀಗ ಹಾಕಿದರು,
ಬೀಗದ ಕೈ ಸಾಹೇಬರ ಮೇಜಿಗೆ ಹೋಯಿತು.
ಆ ತಿಂಗಳೆಲ್ಲ ನಾನು ಬುತ್ತಿ ಉಂಡದ್ದು
ಮೂರನೇ ಪ್ಲಾಟ್‌ಫಾರಮ್ಮಿನ ಕಂಬದ ಮರೆಯಲ್ಲಿ.
ಸಿಟ್ಟು ಬಂದದ್ದು ಕುಮುದಾಳ ಮೇಲೆ. ಸುಳ್ಳು ಯಾಕೆ ಹೇಳಲಿ.

ಮೊನ್ನೆ ಸಂತೆಯ ದಿನ ಅವಳು ಗಂಟು ಇಳಿಸಲಿಲ್ಲ, ಬೀಳಿಸಿದಳು.
ಹೊಟ್ಟೆ ಹಿಡಿದು ಬಗ್ಗಿ ನಿಂತಳು.
‘ಅಕ್ಕಾ, ಆಗಲ್ಲ’ ಅಂದಳು,
ಕೈಯಲ್ಲಿ ಐದು ರೂಪಾಯಿ, ಒದ್ದೆ.

ಬಲದ ಬಾಗಿಲಲ್ಲಿ ಒಬ್ಬ ತಾಯಿ ನಿಂತಿದ್ದಳು,
ಹನ್ನೊಂದೋ ಹನ್ನೆರಡೋ ವರ್ಷದ ಮಗಳ ಕೈ ಹಿಡಿದು.
ಆ ಹಿಡಿತ ಬಿಗಿಯಾದದ್ದು ಕಂಡೆ.
ಅದು ನನಗೆ ಅರ್ಥವಾಗದ್ದೇನಲ್ಲ.
ಈ ಕಿಟಕಿಯ ಕಿಂಡಿಗೆ ಕಣ್ಣಿಟ್ಟವರನ್ನು
ಎರಡು ಸಲ ಪೊರಕೆ ಹಿಡಿದು ಅಟ್ಟಿದವಳು ನಾನು.
ಇಬ್ಬರಿಗೂ ಮೀಸೆ ಇತ್ತು.
ಒಬ್ಬನ ಬೆರಳಲ್ಲಿ ಮದುವೆಯುಂಗುರ.

ಬೆರಳು ಎತ್ತಬೇಕು. ಎತ್ತ?
ಕಾನೂನು ಮೇಜಿನ ಖಾನೆಯಲ್ಲಿದೆ,
ಮೀಸೆ ಗೋಡೆಯಿಂದ ಉದುರಿದೆ,
ಉಳಿದದ್ದು ನಾನು, ಈ ಕುರ್ಚಿ.

ಕುರ್ಚಿ ಬಿಟ್ಟು ಎದ್ದೆ.
‘ಕೊನೇದಕ್ಕೆ ಹೋಗು, ಅದರ ಚಿಲಕ ಗಟ್ಟಿ ಇದೆ’ ಅಂದೆ.
ತಾಯಿಗೆ, ‘ನಾನೂ ಒಳಗೇ ಇರ್ತೀನಿ, ಬನ್ನಿ’ ಅಂದೆ.
ಅವಳು ಬರಲಿಲ್ಲ. ಹೋಗಲೂ ಇಲ್ಲ.
ಮಗಳು ಮಾತ್ರ ಕೈ ಕೊಸರಿಕೊಂಡು
ನೈಟಿ ಗಂಟಿನಿಂದ ಜಾರಿದ ಹಳದಿಯೊಂದನ್ನು
ಮಣ್ಣಾಗದಂತೆ ಎತ್ತಿಟ್ಟಳು.

ಒಳಗೆ ನೀರು ಬಿದ್ದ ಸದ್ದು, ತುಂಬಾ ಹೊತ್ತು.
ಯಾವ ಹೆಂಗಸಿನದಾದರೂ ಅದೇ ಸದ್ದು.

ಸಂಜೆ ಕಂಟ್ರಾಕ್ಟರ್ ಬಂದ.
ಅವನ ಪುಸ್ತಕದಲ್ಲಿ ಎರಡೇ ಗೆರೆಮನೆ,
ಗಂಡಸರಿಷ್ಟು, ಹೆಂಗಸರಿಷ್ಟು;
ಕಡ್ಡಿ ಎಳೆಯುವುದು ನಾನೇ, ಅಷ್ಟು ಬರುತ್ತದೆ.
ದುಡ್ಡು ಎಣಿಸಿದ, ಕಡ್ಡಿ ಎಣಿಸಿದ, ಹಣೆ ಗಂಟಿಕ್ಕಿದ.
‘ಐದು ರೂಪಾಯಿ ಹೆಚ್ಚಿದೆಯಲ್ಲ?’

ಹೆಂಗಸರ ಮನೆಯಲ್ಲಿ ಖಾಲಿ ಜಾಗವಿತ್ತು.
‘ಕೊಡಿ ಇಲ್ಲಿ’ ಅಂದೆ,
‘ಒಬ್ಬಳನ್ನ ಬರೆಯೋದು ಬಿಟ್ಟಿದ್ದೆ.’